ಸಂಖ್ಯೆಗಳ ಬಗ್ಗೆ ಸಾಧನೆ ಬರೆಯಲು ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಹತ್ತನೇ ತರಗತಿ ಮತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ಮಾಡುವುದರಲ್ಲಿ ಚುರುಕಾಗಿರುವ ಮಕ್ಕಳೂ 'ಸಾಧಿಸಿ' ಅನ್ನುವ ಪ್ರಶ್ನೆ ಕಂಡರೆ ಪೆನ್ನು ಕೆಳಗಿಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಪುಸ್ತಕಗಳಲ್ಲಿ ಎನ್, ಕೆ, ಎಂ ಅಂತ ಇಂಗ್ಲಿಷ್ ಅಕ್ಷರ ಇರುವ ಕಡೆ ನಾನು ನ, ಕ, ಮ ಅಂತ ಬರೆದಿದ್ದೇನೆ. ಸಂಖ್ಯೆಗೆ ಇಡುವ ಹೆಸರು ಯಾವ ಅಕ್ಷರವಾದರೂ ಆಗಬಹುದು.

ಸಾಧನೆ ಅಂದರೆ ಏನು? ಲೆಕ್ಕ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸರಿ-ಬೆಸ ಆಟ ಆಡಿದ್ದೀರಾ? ಮುಷ್ಟಿಯೊಳಗೆ ಹುಣಸೆ ಬೀಜ ಹಿಡಿದು 'ಸರಿಯೋ ಬೆಸವೋ' ಅಂತ ಕೇಳುವುದು. ಇಲ್ಲಿ ಸರಿ ಅಂದರೆ ಸಮ. ಈಗ ಇಬ್ಬರ ಮುಷ್ಟಿಯಲ್ಲೂ ಬೆಸ ಇದೆ ಅನ್ನಿ. ಎರಡನ್ನೂ ಒಟ್ಟಿಗೆ ಸುರಿದರೆ ಸರಿಯೇ ಬರುತ್ತದೆ. ಎಷ್ಟೇ ಬೀಜ ಇರಲಿ, ಯಾವಾಗಲೂ ಸರಿಯೇ.

ಯಾಕೆ? ನಿಮ್ಮ ಬೀಜಗಳನ್ನು ಜೋಡಿ ಜೋಡಿಯಾಗಿ ಇಡಿ. ಕೊನೆಯಲ್ಲಿ ಒಂದು ಒಂಟಿ ಉಳಿಯುತ್ತದೆ. ಎದುರಿನವರೂ ಹಾಗೇ ಇಡಲಿ. ಅವರಿಗೂ ಒಂದು ಒಂಟಿ ಉಳಿಯುತ್ತದೆ. ಆ ಎರಡು ಒಂಟಿಗಳು ಸೇರಿ ಒಂದು ಜೋಡಿ ಆಯಿತು. ಈಗ ಒಂಟಿ ಬೀಜವೇ ಇಲ್ಲ.

ಇದು ಪೂರ್ತಿ ಸಾಧನೆ. ಒಂದೂ ಚಿಹ್ನೆ ಬಳಸಲಿಲ್ಲ. ಐದು ಬೀಜಕ್ಕೆ, ಏಳು ಬೀಜಕ್ಕೆ ಅಂತ ಬೇರೆ ಬೇರೆ ಹೇಳಲಿಲ್ಲ, ಎಲ್ಲದಕ್ಕೂ ಒಂದೇ ಸಲ ಹೇಳಿದೆವು. ಲೆಕ್ಕ ಮಾಡಿದಾಗ 'ಎಷ್ಟು' ಅನ್ನುವುದು ಗೊತ್ತಾಗುತ್ತದೆ. 'ಯಾವಾಗಲೂ ಹೀಗೇ ಯಾಕೆ' ಅನ್ನುವುದನ್ನು ಇನ್ನೊಬ್ಬರಿಗೆ ಒಪ್ಪಿಸುವ ಮಾತು ಸಾಧನೆ. ಮಾತು ಅನ್ನುವ ಪದವನ್ನು ಬೇಕಂತಲೇ ಬಳಸಿದ್ದೇನೆ, ಮುಂದೆ ಮತ್ತೆ ಅದಕ್ಕೆ ಬರುತ್ತೇನೆ.

ಹತ್ತಿಪ್ಪತ್ತು ಉದಾಹರಣೆ ಹಾಕಿ ನೋಡಿದೆ, ಎಲ್ಲದಕ್ಕೂ ಸರಿ ಬಂತು. ಅಷ್ಟು ಸಾಲದಾ?

ಸಾಲದು. ನ² + ನ + 41 ತೆಗೆದುಕೊಳ್ಳಿ. ನ ಜಾಗಕ್ಕೆ 0 ಹಾಕಿದರೆ 41, 1 ಹಾಕಿದರೆ 43, 2 ಹಾಕಿದರೆ 47. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ರಿಂದ ಮತ್ತು ತಮ್ಮಿಂದ ಮಾತ್ರ ಭಾಗವಾಗುವಂಥವು. ಹೀಗೇ 39 ರವರೆಗೆ ಹಾಕುತ್ತಾ ಹೋಗಿ, ನಲವತ್ತಕ್ಕೆ ನಲವತ್ತೂ ಅವಿಭಾಜ್ಯಗಳೇ ಬರುತ್ತವೆ. ಇಷ್ಟು ನೋಡಿದ ಯಾರಿಗಾದರೂ ನಂಬಿಕೆ ಬಂದುಬಿಡುತ್ತದೆ. ಆದರೆ 40 ಹಾಕಿದಾಗ 1681 ಬರುತ್ತದೆ. ಅದು 41 × 41.

ದೊಡ್ಡ ಗಣಿತಜ್ಞರಿಗೂ ಹೀಗೆ ಆಗಿದೆ. 3, 5, 17, 257, 65537, ಈ ಐದೂ ಅವಿಭಾಜ್ಯ. ಮೊದಲನೆಯದು 2 ರ ಘಾತ 1 ಕ್ಕೆ ಒಂದು ಕೂಡಿಸಿದ್ದು, ಆಮೇಲಿನವು 2 ರ ಘಾತ 2, 4, 8, 16 ಕ್ಕೆ ಒಂದೊಂದು ಕೂಡಿಸಿದ್ದು. ಈ ಸಾಲಿನಲ್ಲಿ ಮುಂದೆ ಬರುವವೂ ಅವಿಭಾಜ್ಯಗಳೇ ಅಂತ ಫರ್ಮಾ ನಂಬಿದ್ದರು. ಆರನೆಯದು 4,29,49,67,297. 1732 ರಲ್ಲಿ ಆಯ್ಲರ್ ಅದನ್ನು 641 × 67,00,417 ಅಂತ ಒಡೆದು ತೋರಿಸಿದರು.

ಹಾಗಂತ ಉದಾಹರಣೆ ಹಾಕುವುದನ್ನು ಬಿಡಬೇಡಿ. ಸಾಧನೆಗೆ ಮೊದಲು ನಾಲ್ಕು ಸಂಖ್ಯೆ ಹಾಕಿ ನೋಡಿದರೆ ವಿಷಯ ಕೈಗೆ ಸಿಗುತ್ತದೆ. ಯಾಕೆ ಹಾಗಾಗುತ್ತದೆ ಅನ್ನುವ ಸುಳಿವೂ ಅಲ್ಲೇ ಸಿಗುವುದು.

ಪ್ರಶ್ನೆ ಓದಿದ ಕೂಡಲೇ ತಲೆ ಖಾಲಿ ಆಗುತ್ತದೆ. ಎಲ್ಲಿಂದ ಶುರು ಮಾಡಬೇಕು?

ವ್ಯಾಖ್ಯೆಯಿಂದ. ಹತ್ತರಲ್ಲಿ ಎಂಟು ಸಲ ಮಕ್ಕಳು ಸಿಕ್ಕಿಬೀಳುವುದು ಬುದ್ಧಿ ಸಾಲದೆ ಅಲ್ಲ, ಪ್ರಶ್ನೆಯಲ್ಲಿರುವ ಪದಕ್ಕೆ ಸರಿಯಾಗಿ ಏನರ್ಥ ಅಂತ ಬರೆದುಕೊಳ್ಳದೆ.

'ಸಮ ಸಂಖ್ಯೆ ಅಂದರೇನು' ಅಂತ ಕೇಳಿದರೆ '2, 4, 6, 8' ಅನ್ನುತ್ತಾರೆ. ಅದು ಪಟ್ಟಿ. ಅದನ್ನು ಹಿಡಿದು ಏನೂ ಮಾಡಲಾಗುವುದಿಲ್ಲ. 'ಯಾವುದೋ ಒಂದು ಪೂರ್ಣಾಂಕದ ಎರಡರಷ್ಟು, ಅಂದರೆ 2ಕ' ಅಂತ ಬರೆದುಕೊಂಡರೆ ಕೆಲಸಕ್ಕೆ ಬರುತ್ತದೆ. ಬೆಸ ಅಂದರೆ 2ಕ + 1. 'ಮ ಎಂಬುದು 7 ರಿಂದ ಭಾಗವಾಗುತ್ತದೆ' ಅಂದರೆ ಮ = 7ಕ ಆಗುವಂಥ ಪೂರ್ಣಾಂಕ ಕ ಇದೆ ಅಂತ. ಭಾಗಲಬ್ಧ ಸಂಖ್ಯೆ ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಬರುವಂಥದ್ದು, ಕೆಳಗಿರುವುದು ಸೊನ್ನೆ ಆಗಿರಬಾರದು. ಈ ನಾಲ್ಕು ವಾಕ್ಯ ಇಟ್ಟುಕೊಂಡು ಎಷ್ಟೋ ದೂರ ಹೋಗಬಹುದು. ಸೊನ್ನೆ ಸಮ ಹೌದೋ ಅಲ್ಲವೋ ಅನ್ನುವ ಜಗಳವೂ ಇಲ್ಲಿ ಮುಗಿಯುತ್ತದೆ: 0 = 2 × 0, ಹಾಗಾಗಿ ಸಮ.

ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆಯುತ್ತಿದ್ದಿರಲ್ವಾ? ಅದೇ ರೂಢಿ ಇಲ್ಲೂ ಇಟ್ಟುಕೊಳ್ಳಿ. ರಫ್ ಹಾಳೆಯ ಮೇಲ್ಗಡೆ ದತ್ತ, ಅಂದರೆ ಕೊಟ್ಟಿರುವುದನ್ನು ಬರೆಯಿರಿ, ತಳದಲ್ಲಿ ಸಾಧನೀಯ, ಅಂದರೆ ಸಾಧಿಸಬೇಕಾದ್ದನ್ನು ಬರೆಯಿರಿ. ಎರಡನ್ನೂ ವ್ಯಾಖ್ಯೆ ಬಳಸಿ ಬಿಡಿಸಿ. ಆಗ ನಡುವಿನ ಖಾಲಿ ಜಾಗ ಅರ್ಧಕ್ಕರ್ಧ ಕಡಿಮೆ ಆಗಿರುತ್ತದೆ.

ಒಂದು ಸಾಧನೆಯನ್ನು ಮೊದಲಿಂದ ಕೊನೆಯವರೆಗೆ ಬರೆದು ತೋರಿಸಿ.

'ಬೆಸ ಸಂಖ್ಯೆಯ ವರ್ಗದಲ್ಲಿ 1 ಕಳೆದರೆ ಬರುವುದು 8 ರಿಂದ ಭಾಗವಾಗುತ್ತದೆ ಎಂದು ಸಾಧಿಸಿ.' ಮೊದಲು ಸಂಖ್ಯೆ ಹಾಕಿ ನೋಡಿ: 9 − 1 = 8, 25 − 1 = 24, 49 − 1 = 48.

ಈ ಪ್ರಶ್ನೆಗೆ ಹತ್ತನೇ ತರಗತಿಯ ಒಬ್ಬ ಹುಡುಗಿ ಬರೆದು ತಂದ ಪುಟ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐದೇ ಸಾಲು:

(2ಕ + 1)² − 1
4ಕ² + 4ಕ + 1 − 1
4ಕ² + 4ಕ
4ಕ(ಕ + 1)
8 ರಿಂದ ಭಾಗವಾಗುತ್ತದೆ.

ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಆದರೆ ಕ ಯಾರು? ಎಲ್ಲಿಂದ ಬಂದ? ಒಂದು ಸಾಲಿಗೂ ಮುಂದಿನ ಸಾಲಿಗೂ ಏನು ಸಂಬಂಧ? ಎಲ್ಲಕ್ಕಿಂತ ಜಾಸ್ತಿ, ನಾಲ್ಕನೇ ಸಾಲಿನಲ್ಲಿ ಕಾಣುತ್ತಿರುವುದು 4, ಐದನೇ ಸಾಲಿನಲ್ಲಿ 8 ಆಗಿದೆ. 'ಎಂಟು ಹೇಗಮ್ಮ ಬಂತು' ಅಂತ ಕೇಳಿದೆ. ಅವಳು ತಟ್ಟನೆ, 'ಕ, ಕ + 1 ಪಕ್ಕ ಪಕ್ಕದ ಸಂಖ್ಯೆ ಅಲ್ವಾ ಸರ್, ಅದರಲ್ಲಿ ಒಂದು ಸಮ ಇದ್ದೇ ಇರುತ್ತೆ' ಅಂದಳು.

ಇಡೀ ಸಾಧನೆಯ ಜೀವ ಇರುವುದು ಆ ಒಂದು ಮಾತಿನಲ್ಲಿ. ಅದು ಅವಳ ಬಾಯಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ. 'ಈಗ ನನಗೆ ಹೇಳಿದ್ದನ್ನೇ ಬರಿ' ಅಂದೆ. ಆಮೇಲೆ ಅವಳು ಬರೆದದ್ದು ಹೀಗಿತ್ತು:

ಮ ಯಾವುದೇ ಒಂದು ಬೆಸ ಸಂಖ್ಯೆ ಆಗಿರಲಿ. ಬೆಸ ಸಂಖ್ಯೆಯ ವ್ಯಾಖ್ಯೆಯಂತೆ, ಮ = 2ಕ + 1 ಆಗುವಂಥ ಒಂದು ಪೂರ್ಣಾಂಕ ಕ ಇದೆ. ಆಗ ಮ² − 1 = (2ಕ + 1)² − 1 = 4ಕ² + 4ಕ = 4ಕ(ಕ + 1). ಕ ಮತ್ತು ಕ + 1 ಪಕ್ಕ ಪಕ್ಕದ ಪೂರ್ಣಾಂಕಗಳು, ಆದ್ದರಿಂದ ಅವುಗಳಲ್ಲಿ ಒಂದು ಸಮ ಸಂಖ್ಯೆ. ಹಾಗಾಗಿ ಅವುಗಳ ಗುಣಲಬ್ಧವೂ ಸಮ, ಅಂದರೆ ಕ(ಕ + 1) = 2ಗ ಆಗುವಂಥ ಪೂರ್ಣಾಂಕ ಗ ಇದೆ. ಆದ್ದರಿಂದ ಮ² − 1 = 4 × 2ಗ = 8ಗ. ಅಂದರೆ ಮ² − 1 ಎಂಬುದು 8 ರಿಂದ ಭಾಗವಾಗುತ್ತದೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಲೆಕ್ಕ ಅದೇ. ಹೆಚ್ಚಾಗಿ ಸೇರಿದ್ದು ಕನ್ನಡ ವಾಕ್ಯಗಳು ಮಾತ್ರ. ಪ್ರತಿ ಅಕ್ಷರವನ್ನೂ ಬಳಸುವ ಮೊದಲು ಪರಿಚಯ ಮಾಡಿಕೊಟ್ಟಿದ್ದಾಳೆ. ಪ್ರತಿ ಹೆಜ್ಜೆಗೂ ಕಾರಣ ಇದೆ. ಬೇರೆ ಯಾರೋ ಓದಿದರೂ ಅವಳನ್ನು ಕರೆದು ಕೇಳಬೇಕಾಗಿಲ್ಲ.

ಎರಡು ಬೆಸ ಸಂಖ್ಯೆಗಳ ಮೊತ್ತಕ್ಕೆ (2ಕ + 1) + (2ಕ + 1) ಅಂತ ಬರೆದೆ. ತಪ್ಪು ಅಂದರು. ಯಾಕೆ?

ಎರಡಕ್ಕೂ ಒಂದೇ ಕ ಇಟ್ಟರೆ ಎರಡೂ ಒಂದೇ ಸಂಖ್ಯೆ ಆಗಿಬಿಡುತ್ತವೆ. 3 + 3, 7 + 7 ಕ್ಕೆ ಮಾತ್ರ ಸಾಧಿಸಿದ ಹಾಗಾಯಿತು. 3 + 7 ಬಿಟ್ಟುಹೋಯಿತು. ಹುಣಸೆ ಬೀಜದ ಆಟದಲ್ಲಿ ಇಬ್ಬರ ಮುಷ್ಟಿಯಲ್ಲೂ ಅಷ್ಟೇ ಬೀಜ ಇರಬೇಕು ಅಂತ ಯಾರೂ ಹೇಳಿರಲಿಲ್ಲ. 2ಕ + 1 ಮತ್ತು 2ಗ + 1 ಅಂತ ಬರೆಯಿರಿ. ಕೂಡಿದರೆ 2(ಕ + ಗ + 1) ಬರುತ್ತದೆ. ಕೊನೆಯ ಆ 1 ಎರಡು ಒಂಟಿ ಬೀಜ ಸೇರಿ ಆದ ಜೋಡಿ.

'ಯಾವುದೇ' ಮತ್ತು 'ಯಾವುದೋ' ನಡುವೆ ಅಷ್ಟೊಂದು ವ್ಯತ್ಯಾಸ ಇದೆಯಾ?

ಇದೆ. ನನ್ನ ಮಟ್ಟಿಗೆ ಸಾಧನೆ ಕಲಿಯುವ ಕನ್ನಡದ ಮಕ್ಕಳಿಗೆ ನಮ್ಮ ಭಾಷೆ ಕೊಟ್ಟಿರುವ ದೊಡ್ಡ ಅನುಕೂಲ ಇದು. ಕೊನೆಯ ಒಂದು ಸ್ವರ ಬದಲಾದರೆ ಸಾಕು, ಅರ್ಥವೇ ತಿರುಗುತ್ತದೆ.

'ಯಾವುದೇ ಸಂಖ್ಯೆ' ಅಂದರೆ ಆರಿಸುವ ಹಕ್ಕು ಎದುರಿನವರದು. ಅವರು ಯಾವುದನ್ನು ಕೊಟ್ಟರೂ ನಿಮ್ಮ ಮಾತು ನಡೆಯಬೇಕು. 'ಯಾವುದೋ ಒಂದು ಸಂಖ್ಯೆ' ಅಂದರೆ ಒಂದಾದರೂ ಇದೆ ಅಂತ ಮಾತ್ರ, ಅದನ್ನು ಹುಡುಕಿ ತೋರಿಸುವ ಹೊಣೆ ನಿಮ್ಮದು.

ಈ ಎರಡು ವಾಕ್ಯ ನೋಡಿ. 'ಯಾವುದೇ ಪೂರ್ಣಾಂಕ ಕೊಟ್ಟರೂ ಅದಕ್ಕಿಂತ ದೊಡ್ಡದಾದ ಯಾವುದೋ ಒಂದು ಪೂರ್ಣಾಂಕ ಇದೆ.' ಇದು ನಿಜ, ಕೊಟ್ಟದ್ದಕ್ಕೆ 1 ಕೂಡಿಸಿದರಾಯಿತು. 'ಯಾವುದೋ ಒಂದು ಪೂರ್ಣಾಂಕ ಬೇರೆ ಯಾವುದೇ ಪೂರ್ಣಾಂಕಕ್ಕಿಂತ ದೊಡ್ಡದು.' ಇದು ಸುಳ್ಳು. ಪದಗಳು ಹೆಚ್ಚುಕಡಿಮೆ ಅವೇ, ಹಿಂದೆ ಮುಂದೆ ಆಗಿವೆ ಅಷ್ಟೆ.

ಇದರಿಂದ ಕೆಲಸಕ್ಕೆ ಬರುವ ಒಂದು ವಿಷಯ ಹೊರಡುತ್ತದೆ. 'ಯಾವುದೇ' ಇರುವ ಹೇಳಿಕೆ ಸುಳ್ಳು ಅಂತ ತೋರಿಸಲು ಒಂದೇ ಒಂದು ಉದಾಹರಣೆ ಸಾಕು. 'ಯಾವುದೇ ಅವಿಭಾಜ್ಯ ಸಂಖ್ಯೆ ಬೆಸವಾಗಿರುತ್ತದೆ' ಅಂದವರಿಗೆ 2 ಅನ್ನು ತೋರಿಸಿದರೆ ಮುಗಿಯಿತು. ಆದರೆ ಅಂಥ ಹೇಳಿಕೆ ನಿಜ ಅಂತ ತೋರಿಸಲು ಎಷ್ಟು ಉದಾಹರಣೆ ಕೊಟ್ಟರೂ ಸಾಲದು. 'ಯಾವುದೋ' ಇರುವುದಕ್ಕೆ ಇದೆಲ್ಲ ಉಲ್ಟಾ.

ಅದೇ ಭಾಷೆಯಲ್ಲಿ ಒಂದು ತೊಡಕೂ ಇದೆ. 'ಆದರೆ' ಅನ್ನುವ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. 'ಮ ಸಮ ಆದರೆ ಮ² ಸಮ' ಅನ್ನುವಾಗ ಅದು ಷರತ್ತು. 'ಮ ಸಮ, ಆದರೆ ಗ ಬೆಸ' ಅನ್ನುವಾಗ ಬೇರೆ. ಮಾತಿನಲ್ಲಿ ದನಿಯಿಂದ ಗೊತ್ತಾಗುತ್ತದೆ, ಬರಹದಲ್ಲಿ ದನಿ ಇಲ್ಲ. ಷರತ್ತಿಗೆ 'ಆಗಿದ್ದರೆ' ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಓದುವವರು ಎಡವುವುದಿಲ್ಲ.

ಒಂದು ಹೇಳಿಕೆ ನಿಜವಾಗಿದ್ದರೆ ಅದರ ವಿಲೋಮವೂ ನಿಜ ತಾನೇ?

ಹಾಗೇನಿಲ್ಲ. ವಿಲೋಮ ಅಂದರೆ 'ಇದಾದರೆ ಅದು' ಅನ್ನುವುದನ್ನು 'ಅದಾದರೆ ಇದು' ಅಂತ ತಿರುಗಿಸಿ ಹೇಳುವುದು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದೆ ಅಂದಮಾತ್ರಕ್ಕೆ ಮಳೆ ಬಂದಿರಬೇಕಿಲ್ಲ. ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟಿರಬಹುದು. ಆದರೆ ಅಂಗಳ ಒಣಗಿದೆ ಅಂದರೆ ಮಳೆ ಬಂದಿಲ್ಲ ಅನ್ನುವುದು ಖಾತ್ರಿ.

ಸಂಖ್ಯೆಗಳಲ್ಲೂ ಹೀಗೇ. ಮ ಎಂಬುದು 4 ರಿಂದ ಭಾಗವಾದರೆ ಮ² ಕೂಡ 4 ರಿಂದ ಭಾಗವಾಗುತ್ತದೆ. ವಿಲೋಮ ಸುಳ್ಳು: 2² = 4, ಆದರೆ 2 ಎಂಬುದು 4 ರಿಂದ ಭಾಗವಾಗುವುದಿಲ್ಲ. ಈ ಉದಾಹರಣೆ ನೆನಪಿರಲಿ, ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಒಣ ಅಂಗಳದ ದಾರಿ ತುಂಬ ಉಪಯೋಗದ್ದು. 'ಮ² ಸಮವಾಗಿದ್ದರೆ ಮ ಸಮ' ಎಂದು ಸಾಧಿಸಬೇಕು ಅನ್ನಿ. ನೇರವಾಗಿ ಹೋದರೆ ವರ್ಗಮೂಲ ತೆಗೆಯಬೇಕಾಗಿ ಬಂದು ಗೋಜಲಾಗುತ್ತದೆ. ಅದರ ಬದಲು, ಮ ಬೆಸವಾಗಿದ್ದರೆ ಏನಾಗುತ್ತದೆ ನೋಡಿ: ಮ = 2ಕ + 1, ಆಗ ಮ² = 2(2ಕ² + 2ಕ) + 1. ಇದು ಬೆಸ. ಬೆಸದ ವರ್ಗ ಬೆಸ ಅಂದಮೇಲೆ, ವರ್ಗ ಸಮವಾಗಿರುವ ಸಂಖ್ಯೆ ಬೆಸವಾಗಿರಲು ಸಾಧ್ಯವಿಲ್ಲ. ಮುಗಿಯಿತು.

√2 ಅಭಾಗಲಬ್ಧ ಅನ್ನುವ ಸಾಧನೆ ಬಾಯಿಪಾಠ ಬರುತ್ತದೆ. ಅರ್ಥ ಮಾತ್ರ ಆಗಿಲ್ಲ. ಏನು ಮಾಡಲಿ?

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಂತ ಎಲ್ಲರೂ ಉರು ಹೊಡೆಯುವ ಸಾಧನೆ ಇದು. ನನಗೆ ಅದರ ಬಗ್ಗೆ ಬೇಸರ ಇದೆ. ಅಷ್ಟು ಚೆಂದದ ವಿಷಯವನ್ನು ಮಗ್ಗಿಯ ಹಾಗೆ ಒಪ್ಪಿಸಿಬಿಡುತ್ತೇವೆ. ನಿಧಾನವಾಗಿ ನೋಡೋಣ.

√2 ಭಾಗಲಬ್ಧ ಎಂದುಕೊಳ್ಳೋಣ. ಆಗ √2 = ಪ/ಗ ಅಂತ ಬರೆಯಬಹುದು. ಯಾವ ಭಿನ್ನರಾಶಿಯನ್ನಾದರೂ ಸಂಕ್ಷೇಪಿಸಬಹುದು, ಹಾಗಾಗಿ ಪ, ಗ ಸಹ ಅವಿಭಾಜ್ಯಗಳು, ಅಂದರೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ ಎಂದಿಟ್ಟುಕೊಳ್ಳೋಣ. ಎರಡೂ ಕಡೆ ವರ್ಗ ಮಾಡಿದರೆ ಪ² = 2ಗ². ಆದ್ದರಿಂದ ಪ² ಸಮ. ಈಗಷ್ಟೇ ಸಾಧಿಸಿದಂತೆ ಪ ಕೂಡ ಸಮ. ಪ = 2ಕ ಎಂದು ಬರೆದರೆ 4ಕ² = 2ಗ², ಅಂದರೆ ಗ² = 2ಕ². ಹಾಗಾದರೆ ಗ ಕೂಡ ಸಮ. ಎರಡೂ ಸಮ ಅಂದರೆ ಎರಡಕ್ಕೂ 2 ಸಾಮಾನ್ಯ ಅಪವರ್ತನ. ಸಾಮಾನ್ಯ ಅಪವರ್ತನ ಇಲ್ಲ ಅಂತ ಹೇಳಿಯೇ ಶುರು ಮಾಡಿದ್ದೆವು. ಈ ವೈರುಧ್ಯ ಬಂದದ್ದು √2 ಭಾಗಲಬ್ಧ ಎಂದುಕೊಂಡದ್ದರಿಂದ. ಆದ್ದರಿಂದ √2 ಅಭಾಗಲಬ್ಧ.

ಈಗ ಅರ್ಥವಾಗಿದೆಯೋ ಇಲ್ಲವೋ ಅಂತ ಪರೀಕ್ಷಿಸಿಕೊಳ್ಳಲು ಒಂದು ದಾರಿ ಹೇಳುತ್ತೇನೆ. ಇದೇ ಸಾಧನೆಯಲ್ಲಿ 2 ಇರುವ ಕಡೆಯೆಲ್ಲ 4 ಹಾಕಿ ಬರೆಯಿರಿ. √4 ಅಭಾಗಲಬ್ಧ ಅಂತ ಬಂದುಬಿಡುತ್ತದೆ. ಆದರೆ √4 ಅಂದರೆ 2. ಹಾಗಾದರೆ ನಡುವೆ ಎಲ್ಲೋ ಒಂದು ಸಾಲು ಮುರಿದಿರಲೇಬೇಕು. ಯಾವುದು?

ಮುಂದೆ ಓದುವ ಮೊದಲು ಒಂದು ನಿಮಿಷ ಹುಡುಕಿ.

'ಪ² ಎಂಬುದು 4 ರಿಂದ ಭಾಗವಾಗುತ್ತದೆ, ಆದ್ದರಿಂದ ಪ ಕೂಡ 4 ರಿಂದ ಭಾಗವಾಗುತ್ತದೆ' ಅನ್ನುವ ಸಾಲು. ಅದು ಸುಳ್ಳು ಅಂತ 2 ರ ಉದಾಹರಣೆಯಲ್ಲಿ ಆಗಲೇ ನೋಡಿದೆವು. ಅಂದರೆ ಇಡೀ ಸಾಧನೆಯ ಭಾರ ನಿಂತಿರುವುದು ಆ ಒಂದು ಸಾಲಿನ ಮೇಲೆ. 2, 3, 5 ರಂಥ ಅವಿಭಾಜ್ಯಗಳಿಗೆ ಆ ಸಾಲು ನಿಲ್ಲುತ್ತದೆ, 4 ಕ್ಕೆ ಬೀಳುತ್ತದೆ. 6 ಕ್ಕೆ? ಪ² ಎಂಬುದು 6 ರಿಂದ ಭಾಗವಾದರೆ 2 ರಿಂದಲೂ 3 ರಿಂದಲೂ ಭಾಗವಾಗುತ್ತದೆ, ಆದ್ದರಿಂದ ಪ ಕೂಡ ಎರಡರಿಂದಲೂ ಭಾಗವಾಗುತ್ತದೆ, ಹಾಗಾಗಿ 6 ರಿಂದಲೂ. ನಿಂತಿತು. √6 ಅಭಾಗಲಬ್ಧ. ಬಾಯಿಪಾಠ ಮಾಡಿದವರಿಗೆ √6 ಕೊಟ್ಟರೆ ಕೈ ನಡುಗುತ್ತದೆ. ಆ ಸಾಲನ್ನು ಹಿಡಿದವರಿಗೆ ಯಾವ ಸಂಖ್ಯೆ ಕೊಟ್ಟರೂ ಒಂದೇ.

ವೈರುಧ್ಯದ ದಾರಿಯನ್ನು ಎಲ್ಲದಕ್ಕೂ ಬಳಸಬಹುದಾ?

ಬಳಸಬಹುದು, ಆದರೆ ನೇರ ದಾರಿ ಇದ್ದಾಗ ಸುಮ್ನೆ ಸುತ್ತಿ ಬರಬೇಡಿ. 'ಇಲ್ಲ', 'ಸಾಧ್ಯವಿಲ್ಲ', 'ಕೊನೆಯಿಲ್ಲ' ಅನ್ನುವ ಪದ ಸಾಧನೀಯದಲ್ಲಿ ಇದ್ದರೆ ಮಾತ್ರ ಮೊದಲು ಇದನ್ನು ಯೋಚಿಸಿ. ಇಲ್ಲದ್ದನ್ನು ಇಲ್ಲ ಅಂತ ತೋರಿಸುವುದು ಕಷ್ಟ. ಇದೆ ಎಂದುಕೊಂಡು ಅದರ ಪಾಡು ನೋಡುವುದು ಸುಲಭ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಅನ್ನುವ ಯೂಕ್ಲಿಡ್‌ನ ಸಾಧನೆ ಹೀಗೇ ನಡೆಯುತ್ತದೆ ಅಂತ ಪಾಠಗಳಲ್ಲಿ ಹೇಳುತ್ತಾರೆ. ಇರುವ ಅವಿಭಾಜ್ಯಗಳೆಲ್ಲ ಒಂದು ಪಟ್ಟಿಯಲ್ಲಿ ಮುಗಿದವು ಎಂದುಕೊಳ್ಳಿ. ಎಲ್ಲವನ್ನೂ ಗುಣಿಸಿ 1 ಕೂಡಿಸಿ. ಪಟ್ಟಿಯ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಆದರೆ 1 ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆಗೆ ಒಂದಾದರೂ ಅವಿಭಾಜ್ಯ ಅಪವರ್ತನ ಇರಲೇಬೇಕು. ಅದು ಪಟ್ಟಿಯಲ್ಲಿಲ್ಲ. ವೈರುಧ್ಯ.

ಇಲ್ಲಿ ತುಂಬ ಜನ 'ಗುಣಿಸಿ 1 ಕೂಡಿಸಿದರೆ ಬರುವುದು ಯಾವಾಗಲೂ ಅವಿಭಾಜ್ಯ' ಅಂತ ತಿಳಿದುಬಿಡುತ್ತಾರೆ. ಅಲ್ಲ. 2 × 3 × 5 × 7 × 11 × 13 + 1 = 30031, ಅದು 59 × 509. ಆ 59 ನಮ್ಮ ಪಟ್ಟಿಯಲ್ಲಿ ಇರಲಿಲ್ಲ ಅನ್ನುವುದೇ ವಿಷಯ.

ಸಾಧಿಸಬೇಕಾದ್ದರಿಂದಲೇ ಶುರು ಮಾಡಿ, ಕೊನೆಗೆ ನಿಜ ಬಂದರೆ ಆಯಿತಲ್ವಾ?

ಆಗುವುದಿಲ್ಲ. −1 = 1 ಅಂತ ಶುರು ಮಾಡಿ, ಎರಡೂ ಕಡೆ ವರ್ಗ ಮಾಡಿ. 1 = 1 ಬರುತ್ತದೆ. ಕೊನೆ ಸಾಲು ನಿಜ, ಮೊದಲ ಸಾಲು ಸುಳ್ಳು. ಸುಳ್ಳಿನಿಂದ ಹೊರಟು ನಿಜಕ್ಕೆ ಬಂದು ಸೇರಬಹುದು.

ಆದರೆ ರಫ್ ಹಾಳೆಯಲ್ಲಿ ಹಿಂದಿನಿಂದ ಬರುವುದರಲ್ಲಿ ಏನೂ ತಪ್ಪಿಲ್ಲ, ನಾನೂ ಹಾಗೇ ಹುಡುಕುವುದು. ಅ² + ಬ² ಎಂಬುದು 2ಅಬ ಗಿಂತ ಕಡಿಮೆ ಇರುವುದಿಲ್ಲ ಎಂದು ಸಾಧಿಸಬೇಕು ಅನ್ನಿ. ಎಲ್ಲವನ್ನೂ ಒಂದೇ ಕಡೆ ತಂದರೆ (ಅ − ಬ)² ≥ 0 ಅಂತ ಆಗುತ್ತದೆ. ಅದು ನಿಜವೇ. ದಾರಿ ಸಿಕ್ಕಿತು. ಫೇರ್ ಕಾಪಿಯಲ್ಲಿ ತಿರುಗಿಸಿ ಬರೆಯಿರಿ: ಯಾವುದೇ ಸಂಖ್ಯೆಯ ವರ್ಗ ಸೊನ್ನೆಗಿಂತ ಕಡಿಮೆ ಇಲ್ಲ, ಆದ್ದರಿಂದ (ಅ − ಬ)² ≥ 0, ಬಿಡಿಸಿದರೆ ಅ² − 2ಅಬ + ಬ² ≥ 0, ಆದ್ದರಿಂದ ಅ² + ಬ² ≥ 2ಅಬ. ಹೀಗೆ ತಿರುಗಿಸುವಾಗ ಯಾವ ಹೆಜ್ಜೆ ಹಿಂದಕ್ಕೆ ಬರುವುದಿಲ್ಲವೋ ಅಲ್ಲಿ ತಪ್ಪು ಸಿಕ್ಕಿಬೀಳುತ್ತದೆ.

ಇಂಡಕ್ಷನ್‌ನಲ್ಲಿ ಸಾಧಿಸಬೇಕಾದ್ದನ್ನೇ ನಿಜ ಎಂದುಕೊಳ್ಳುತ್ತೇವೆ. ಇದು ಮೋಸ ಅಲ್ವಾ?

ಒಳ್ಳೆಯ ಪ್ರಶ್ನೆ. ಈ ಅನುಮಾನ ಬಂದವರು ಸರಿಯಾಗಿ ಓದುತ್ತಿದ್ದಾರೆ ಅಂತ ಅರ್ಥ.

ಕಾರ್ತಿಕ ದೀಪೋತ್ಸವದಲ್ಲಿ ಹಣತೆಗಳ ಉದ್ದ ಸಾಲು ಇಟ್ಟಿರುತ್ತಾರೆ. ಉರಿಯುತ್ತಿರುವ ಯಾವುದೇ ಹಣತೆಯಿಂದ ಅದರ ಪಕ್ಕದ್ದನ್ನು ಹಚ್ಚಬಹುದು. 'ಇದು ಉರಿಯುತ್ತಿದ್ದರೆ ಪಕ್ಕದ್ದೂ ಹತ್ತುತ್ತದೆ' ಅಂತ ಹೇಳುವಾಗ ಎಲ್ಲ ಹಣತೆಗಳೂ ಉರಿಯುತ್ತಿವೆ ಅಂತ ನಾವು ಹೇಳುತ್ತಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ಮಾತ್ರ ಹೇಳುತ್ತಿದ್ದೇವೆ. ಮೊದಲನೆಯದನ್ನು ಯಾರಾದರೂ ಬೇರೆಯಾಗಿ ಹಚ್ಚಬೇಕು. ಎರಡೂ ಆದರೆ ಇಡೀ ಸಾಲು ಬೆಳಗುತ್ತದೆ.

ಮೊದಲ ನ ಬೆಸ ಸಂಖ್ಯೆಗಳ ಮೊತ್ತ ನ² ಅಂತ ತೋರಿಸೋಣ. ಮೊದಲ ಹಣತೆ: 1 = 1². ಈಗ ಯಾವುದೋ ಒಂದು ನ ಗೆ 1 + 3 + … + (2ನ − 1) = ನ² ಆಗಿದ್ದರೆ, ಮುಂದಿನ ಬೆಸ ಸಂಖ್ಯೆ 2ನ + 1 ಅನ್ನು ಎರಡೂ ಕಡೆ ಕೂಡಿಸಿ. ಬಲಗಡೆ ನ² + 2ನ + 1 ಬರುತ್ತದೆ, ಅದು (ನ + 1)². ದೀಪ ದಾಟಿತು. ಇದನ್ನು ಹುಣಸೆ ಬೀಜದಲ್ಲಿ ಜೋಡಿಸಿಯೂ ನೋಡಿ. ಮೂರು ಸಾಲು, ಮೂರು ಕಂಬಸಾಲು ಇರುವ ಚೌಕದ ಎರಡು ಬದಿಗೆ ಮೂಲೆ ಸೇರಿಸಿ ಏಳು ಬೀಜ ಇಟ್ಟರೆ ನಾಲ್ಕರ ಚೌಕ ಆಗುತ್ತದೆ. ಆ ಏಳು ಎಲ್ಲಿಂದ ಬಂತು ಅಂತ ಕಣ್ಣಿಗೇ ಕಾಣುತ್ತದೆ.

ಮೊದಲ ಹೆಜ್ಜೆ ಸುಲಭ ಅಂತ ಬಿಡುವವರು ಇದನ್ನು ನೋಡಿ. 'ನ² + ನ ಯಾವಾಗಲೂ ಬೆಸ' ಅಂತ ಒಂದು ಹೇಳಿಕೆ. (ನ + 1)² + (ನ + 1) ಬಿಡಿಸಿದರೆ (ನ² + ನ) + 2(ನ + 1). ನ² + ನ ಬೆಸವಾಗಿದ್ದರೆ, ಬೆಸಕ್ಕೆ ಸಮ ಕೂಡಿಸಿದ್ದರಿಂದ ಇದೂ ಬೆಸ. ದಾಟುವ ಹೆಜ್ಜೆ ಪೂರ್ತಿ ಸರಿ ಇದೆ! ಆದರೆ 1² + 1 = 2. ಮೊದಲ ಹಣತೆ ಹತ್ತಲೇ ಇಲ್ಲ, ಯಾವ ಹಣತೆಯೂ ಹತ್ತುವುದಿಲ್ಲ. ನಿಜ ಹೇಳಬೇಕೆಂದರೆ ನ² + ನ ಯಾವಾಗಲೂ ಸಮ.

ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಪರೀಕ್ಷಿಸಿದರೆ ಸಾಧನೆ ಆಗುತ್ತದಾ?

'ಎಲ್ಲ' ಅನ್ನುವುದಕ್ಕೆ ಕೊನೆ ಇದ್ದರೆ ಆಗುತ್ತದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಮೇಷ್ಟರಾಗಿದ್ದ ಕಾಪ್ರೇಕರ್ ಕಂಡುಹಿಡಿದ 6174 ಗೊತ್ತಿರಬಹುದು. ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯುತ್ತಾ ಹೋಗಬೇಕು. 3524 ಇಂದ ಹೊರಟರೆ 3087, ಆಮೇಲೆ 8352, ಆಮೇಲೆ 6174. ಉತ್ತರ ಮೂರಂಕಿಗೆ ಇಳಿದರೆ ಮುಂದೆ ಸೊನ್ನೆ ಹಾಕಿಕೊಳ್ಳಬೇಕು. ನಾಲ್ಕೂ ಅಂಕಿ ಒಂದೇ ಆಗಿರುವ 9 ಸಂಖ್ಯೆ ಬಿಟ್ಟರೆ ಉಳಿಯುವುದು 8991. ಅಷ್ಟನ್ನೂ ಪರೀಕ್ಷಿಸಿದರೆ ಏಳು ಹೆಜ್ಜೆಯೊಳಗೆ 6174 ಬರುತ್ತದೆ. ಇದು ಪಕ್ಕಾ ಸಾಧನೆ.

ಆದರೆ 2 ಕ್ಕಿಂತ ದೊಡ್ಡದಾದ ಯಾವುದೇ ಸಮ ಸಂಖ್ಯೆ ಎರಡು ಅವಿಭಾಜ್ಯಗಳ ಮೊತ್ತ ಅನ್ನುವ ಊಹೆ 1742 ರಲ್ಲಿ ಗೋಲ್ಡ್‌ಬಾಕ್ ಮತ್ತು ಆಯ್ಲರ್ ನಡುವಿನ ಪತ್ರಗಳಲ್ಲಿ ಹುಟ್ಟಿದ್ದು. 4 ರ ಮುಂದೆ 18 ಸೊನ್ನೆ ಹಾಕಿದಷ್ಟು ದೂರ ಕಂಪ್ಯೂಟರ್ ಪರೀಕ್ಷಿಸಿ ಆಗಿದೆ, ಎಲ್ಲೂ ತಪ್ಪಿಲ್ಲ. ಆದರೂ ಅದು ಇನ್ನೂ ಊಹೆಯೇ.

ಸಾಧನೆಯನ್ನು ಕನ್ನಡದಲ್ಲಿ ಬರೆಯುತ್ತಾ ಕೂತರೆ ಮುಂದೆ ಇಂಗ್ಲಿಷಿನಲ್ಲಿ ಕಷ್ಟ ಆಗುವುದಿಲ್ಲವಾ?

ಕನ್ನಡ ಮಾಧ್ಯಮದಿಂದ ವಿಜ್ಞಾನದ ಪಿಯುಸಿಗೆ ಹೋಗುವ ಮಕ್ಕಳ ಅಪ್ಪ ಅಮ್ಮ ಇದನ್ನು ಆತಂಕದಿಂದ ಕೇಳುತ್ತಾರೆ. ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಂಡದ್ದು ಹೀಗೆ: ಗೊತ್ತಿರುವ ಭಾಷೆಯಲ್ಲಿ 'ಯಾಕೆ' ಅಂತ ಹೇಳಲು ಬಂದ ಮಗು ಇಂಗ್ಲಿಷಿಗೆ ಆರೇ ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಬಾರದ ಭಾಷೆಯಲ್ಲಿ ಉರು ಹೊಡೆದ ಮಗು ಎರಡು ಕಡೆಯೂ ಸಿಕ್ಕಿಕೊಳ್ಳುತ್ತದೆ. ಆ ಹುಡುಗಿಯ ಐದು ಸಾಲು ನೆನಪಿಸಿಕೊಳ್ಳಿ. ಕಾರಣ ಅವಳ ಬಾಯಿಗೆ ಬಂದದ್ದು ಕನ್ನಡದಲ್ಲಿ.

ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತದ ನಿಯಮಗಳನ್ನು ಸಂಸ್ಕೃತ ಶ್ಲೋಕಗಳಲ್ಲಿ ಹೇಳಿದರು. ಆಗಿನ ರೂಢಿಯೇ ಅದು, ನಿಯಮ ಶ್ಲೋಕದಲ್ಲಿ ಇರುತ್ತಿತ್ತು. 1530 ರ ಸುಮಾರಿಗೆ ಕೇರಳದ ಜ್ಯೇಷ್ಠದೇವ ಯುಕ್ತಿಭಾಷಾ ಬರೆದಾಗ ನಿಯಮಗಳ ಹಿಂದಿನ ಕಾರಣಗಳನ್ನೇ ಹಿಡಿದು ಬಿಡಿಸಿದರು. ಬರೆದದ್ದು ಮಲಯಾಳದಲ್ಲಿ, ಗದ್ಯದಲ್ಲಿ. ಅದರಲ್ಲಿರುವ ಗಣಿತ ಈಗಿನ ಕಾಲೇಜು ಮಟ್ಟದ್ದು. ನಮ್ಮ ಪಕ್ಕದ ಭಾಷೆ ಅಷ್ಟು ಭಾರ ಹೊತ್ತಿದೆ. ಕನ್ನಡಕ್ಕೆ ಬೆಸ ಸಂಖ್ಯೆಯ ಸಾಧನೆ ಭಾರವಾಗುವುದಿಲ್ಲ.

ಎಷ್ಟು ವಿವರ ಬರೆಯಬೇಕು? 'ಸ್ಪಷ್ಟವಾಗಿದೆ' ಅಂತ ಬಿಡಬಹುದಾ?

ನಿಮ್ಮ ಪಕ್ಕ ಕೂರುವ ಗೆಳೆಯನಿಗೆ ಹೇಳುವಷ್ಟು. ಕೂಡುವುದು ಕಳೆಯುವುದನ್ನು ವಿವರಿಸಬೇಡಿ, ತಿರುವು ಇರುವ ಕಡೆ ಬಿಡಬೇಡಿ. 'ಸ್ಪಷ್ಟವಾಗಿದೆ' ಅಂತ ಬರೆಯಲು ಕೈ ಹೋದಾಗ ನಿಂತು, ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಲು ಆಗುತ್ತದಾ ನೋಡಿ. ಆಗುವುದಾದರೆ ಅದನ್ನೇ ಬರೆಯಿರಿ. ಆಗದಿದ್ದರೆ ಅದು ನಿಮಗೂ ಸ್ಪಷ್ಟವಾಗಿಲ್ಲ.

ಬರೆದದ್ದು ಸರಿ ಇದೆ ಅಂತ ನಾನೇ ಹೇಗೆ ನೋಡಿಕೊಳ್ಳುವುದು?

ಗಟ್ಟಿಯಾಗಿ ಓದಿ. ವಾಕ್ಯ ಆಗದ ಸಾಲು ಇದ್ದರೆ ನಾಲಿಗೆ ಅಲ್ಲೇ ನಿಲ್ಲುತ್ತದೆ. ಆಮೇಲೆ ದತ್ತವನ್ನು ಎಲ್ಲಿ ಬಳಸಿದೆ ಅಂತ ಬೆರಳಿಟ್ಟು ತೋರಿಸಿ. 'ಮ ಬೆಸವಾಗಿದ್ದರೆ' ಅಂತ ಪ್ರಶ್ನೆಯಲ್ಲಿ ಇದ್ದು, ಅದನ್ನು ಎಲ್ಲೂ ಬಳಸದೆ ಸಾಧನೆ ಮುಗಿದಿದ್ದರೆ ಅನುಮಾನ ಪಡಿ. ಕೊನೆಗೆ ಅಕ್ಷರಗಳ ಜಾಗಕ್ಕೆ ಒಂದು ಸಂಖ್ಯೆ ಹಾಕಿ ಪ್ರತಿ ಸಾಲನ್ನೂ ನಡೆಸಿ ನೋಡಿ. ಎಷ್ಟೋ ತಪ್ಪು ಇಲ್ಲೇ ಸಿಗುತ್ತದೆ.

ಗಣಿತ ಒಲಿಂಪಿಯಾಡ್ ಸ್ಪರ್ಧೆಗೆ ಇದು ಬೇಕಾ?

ಮೊದಲ ಹಂತದ ಐಒಕ್ಯೂಎಂ ಪರೀಕ್ಷೆಯಲ್ಲಿ ಉತ್ತರ ಬರೀ ಸಂಖ್ಯೆ. ಅದಾದ ಮೇಲಿನ, ಪ್ರಾದೇಶಿಕ ಹಂತದ ಆರ್‌ಎಂಒ ಇಂದ ಪೂರ್ತಿ ಸಾಧನೆ ಬರೆಯಬೇಕು. ಚುರುಕಾದ ಮಕ್ಕಳು ಅಲ್ಲಿ ಎಡವುವುದು ಬಹುಪಾಲು ಬರೆಯುವ ಅಭ್ಯಾಸ ಇಲ್ಲದೆ.

ಅಭ್ಯಾಸಕ್ಕೆ ಕೆಲವು ಪ್ರಶ್ನೆ ಕೊಡಿ.

ಮೂರು ಅನುಕ್ರಮ ಪೂರ್ಣಾಂಕಗಳ ಮೊತ್ತ 3 ರಿಂದ ಭಾಗವಾಗುತ್ತದೆ ಎಂದು ಸಾಧಿಸಿ. ನಾಲ್ಕಕ್ಕೆ ಹೋದರೆ 4 ರಿಂದ ಭಾಗವಾಗುತ್ತದಾ? ಅಂಕಿಗಳ ಮೊತ್ತ 9 ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಅನ್ನುವುದನ್ನು ಎಲ್ಲರೂ ಬಳಸುತ್ತೇವೆ. ಮೂರಂಕಿ ಸಂಖ್ಯೆಗೆ ಅದನ್ನು ಸಾಧಿಸಿ. 100ಅ + 10ಬ + ಗ ಅಂತ ಬರೆದುಕೊಂಡು, 100 ರಲ್ಲಿ 99 ನ್ನು, 10 ರಲ್ಲಿ 9 ನ್ನು ಬೇರೆ ಮಾಡಿ ನೋಡಿ.

ಮನೆಯ ಚಿಕ್ಕವರಿಗೆ ಒಂದು: ಇಷ್ಟ ಬಂದ ಮೂರಂಕಿ ಸಂಖ್ಯೆಯನ್ನು ಎರಡು ಸಲ ಬರೆಯಲು ಹೇಳಿ, 347347 ರ ಹಾಗೆ. ಅದನ್ನು 7 ರಿಂದ, ಬಂದದ್ದನ್ನು 11 ರಿಂದ, ಬಂದದ್ದನ್ನು 13 ರಿಂದ ಭಾಗಿಸಲು ಹೇಳಿ. ಶೇಷ ಉಳಿಯುವುದಿಲ್ಲ, ಕೊನೆಗೆ 347 ವಾಪಸ್ ಬರುತ್ತದೆ. ಯಾಕೆ ಅಂತ ಅವರಿಂದಲೇ ಹೇಳಿಸಿ. 7 × 11 × 13 ಎಷ್ಟು ಅಂತ ನೋಡಿದರೆ ಅವರಿಗೇ ಹೊಳೆಯುತ್ತದೆ.

√3 ಅಭಾಗಲಬ್ಧ ಎಂದು ಸಾಧಿಸಿ. ಅದಾದ ಮೇಲೆ √2 + √3 ಅಭಾಗಲಬ್ಧ ಎಂದು ಸಾಧಿಸಿ. ವರ್ಗ ಮಾಡಿದರೆ ಹಳೆಯ ಪರಿಚಯದ √6 ಎದುರು ಬರುತ್ತದೆ.

ಕೊನೆಯದು ನನಗೆ ತುಂಬ ಇಷ್ಟವಾದದ್ದು. ಎರಡು ಬೆಸ ಸಂಖ್ಯೆಗಳ ವರ್ಗಗಳನ್ನು ಕೂಡಿದರೆ ಬರುವುದು ಎಂದೂ ಪೂರ್ಣ ವರ್ಗ ಆಗಿರುವುದಿಲ್ಲ ಎಂದು ಸಾಧಿಸಿ. ಬೆಸ ಸಂಖ್ಯೆಯ ವರ್ಗ 8ಗ + 1 ರೂಪದಲ್ಲಿರುತ್ತದೆ ಅಂತ ಆ ಹುಡುಗಿ ಆಗಲೇ ಸಾಧಿಸಿ ಕೊಟ್ಟಿದ್ದಾಳೆ. ಅಂಥ ಎರಡನ್ನು ಕೂಡಿ 4 ರಿಂದ ಭಾಗಿಸಿದರೆ ಶೇಷ ಎಷ್ಟು? ಇನ್ನು, ಯಾವುದೇ ಪೂರ್ಣ ವರ್ಗವನ್ನು 4 ರಿಂದ ಭಾಗಿಸಿದರೆ ಶೇಷ ಏನೇನು ಬರಬಹುದು? ಸಮ ಸಂಖ್ಯೆಯ ವರ್ಗವನ್ನೂ ಬೆಸ ಸಂಖ್ಯೆಯ ವರ್ಗವನ್ನೂ ಬೇರೆ ಬೇರೆ ನೋಡಿ, ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ.